ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದ ಕಥೆ, ವೈಫೈ ಕೈ ಕೊಟ್ಟಿದ್ದೂ ಸೇರಿ

ನಮ್ಮನೆ ಲ್ಯಾಪ್‌ಟಾಪ್‌ಗೆ ಒಂಬತ್ತು ವರ್ಷ, 4 ಜಿಬಿ ರ‍್ಯಾಮ್, ಹಳೇ ಕಾಲದ ತಿರುಗೋ ಹಾರ್ಡ್‌ಡಿಸ್ಕು. ಬಟನ್ ಒತ್ತಿ ಹೋಗಿ ಮುಖ ತೊಳ್ಕೊಂಡು ಬಂದ್ರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರ್ತಿರ್ಲಿಲ್ಲ. ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಬೇಕು, ನಮ್ಮದ್ರಲ್ಲಿ ಇಲ್ಲ. ಸರಿ, ಹೆಂಗೂ ಮೂಲೆ ಸೇರೋ ಮಷೀನು, ಒಂದು ಕೈ ನೋಡೇ ಬಿಡೋಣ ಅಂತ ವಿಂಡೋಸ್ ಬದಲು ಬಳಸಬಹುದಾದ, ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22 ಇಳಿಸ್ಕೊಂಡೆ. ಇದು ಉಬುಂಟು 24.04 ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿರೋದು, 2029ರ ತನಕ ಅಪ್‌ಡೇಟ್ ಬರುತ್ತೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಥರದ ಡೆಸ್ಕ್‌ಟಾಪ್ ಜೊತೆ ಸಿಗುತ್ತೆ, ರ‍್ಯಾಮ್ ಕಮ್ಮಿ ಇರೋದ್ರಿಂದ ಹಗುರ ಇರೋ ಎಕ್ಸ್‌ಎಫ್‌ಸಿಇ ತಗೊಂಡೆ.

ಎಚರ್ ಅನ್ನೋ ಸಾಫ್ಟ್‌ವೇರಲ್ಲಿ ಐಎಸ್‌ಒ ಫೈಲನ್ನ, ಅಂದ್ರೆ ಇಡೀ ಮಿಂಟ್ ಇರೋ ಫೈಲನ್ನ, ಪೆನ್‌ಡ್ರೈವ್‌ಗೆ ಬರೆದೆ (ಪೆನ್‌ಡ್ರೈವಲ್ಲಿ ಇರೋದೆಲ್ಲ ಅಳಿಸಿ ಹೋಗುತ್ತೆ, ಮೊದಲೇ ತೆಗೆದಿಟ್ಕೊಳ್ಳಿ). ಆನ್ ಮಾಡ್ತಾ ಎಫ್12 ಟಕಟಕ ಒತ್ತಿ ಯಾವುದರಿಂದ ಶುರು ಆಗ್ಬೇಕು ಅಂತ ಕೇಳೋ ಬೂಟ್ ಮೆನು ತಂದೆ, ಪೆನ್‌ಡ್ರೈವ್ ಆರಿಸಿದೆ, ಮಿಂಟ್ ಲೋಗೋ ಬಂತು, ಅಲ್ಲೇ ನಿಂತ್ಕೊಂಡ್ಬಿಡ್ತು. ಮೂರು ಸಲ ಅದೇ ಕಥೆ. ಲ್ಯಾಪ್‌ಟಾಪೇ ಹಳೇದು, ಆಗಲ್ಲ ಬಿಡು ಅಂತ ಕೈಬಿಡೋದ್ರಲ್ಲಿದ್ದೆ, ಆಮೇಲೆ ಡೌನ್‌ಲೋಡ್ ಪೇಜಲ್ಲಿದ್ದ ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯಾ ಅಂತ ನೋಡೋಕೆ ಕೊಟ್ಟಿರೋ ಉದ್ದನೆಯ ಸಂಕೇತ) ಜೊತೆ ನನ್ನ ಫೈಲಿಂದು ತಾಳೆ ನೋಡಿದ್ರೆ ಎರಡೂ ಬೇರೆ ಬೇರೆ! ಡೌನ್‌ಲೋಡೇ ಕೆಟ್ಟಿತ್ತು. ಎರಡು ನಿಮಿಷದ ಆ ಕೆಲಸ ಮೊದಲೇ ಮಾಡಿದ್ರೆ ಒಂದು ಸಂಜೆ ಉಳೀತಿತ್ತು.

ಮತ್ತೆ ಇಳಿಸಿ ಬರೆದ ಮೇಲೆ ಲೈವ್ ಸೆಷನ್ ಬಂತು. ಇದೊಂದು ನಂಗೆ ತುಂಬಾ ಹಿಡಿಸ್ತು, ಹಾರ್ಡ್‌ಡಿಸ್ಕ್ ಮುಟ್ಟದೇ ಪೆನ್‌ಡ್ರೈವಿಂದಲೇ ಇಡೀ ಸಿಸ್ಟಮ್ ಓಡುತ್ತೆ, ಸ್ವಲ್ಪ ನಿಧಾನ, ಆಫ್ ಮಾಡಿದ್ರೆ ಮಾಡಿದ್ದೆಲ್ಲ ಮಾಯ, ಆದ್ರೆ ನಮ್ಮ ಮಷೀನಲ್ಲಿ ಏನು ನಡೆಯುತ್ತೆ ಏನು ನಡೆಯಲ್ಲ ಅಂತ ಮೊದಲೇ ಗೊತ್ತಾಗುತ್ತೆ. ಸೌಂಡ್ ಸರಿ, ಟಚ್‌ಪ್ಯಾಡ್ ಸರಿ, ಕ್ಯಾಮೆರಾ ಸರಿ. ವೈಫೈ ಮಾತ್ರ ಇಲ್ಲ, ಲಿಸ್ಟಲ್ಲಿ ಒಂದು ಹೆಸರೂ ಕಾಣ್ತಿಲ್ಲ. ಆ ಚಿಪ್‌ಗೆ ಬೇರೆ ಡ್ರೈವರ್ (ಚಿಪ್ಪನ್ನ ಓಡಿಸೋ ಸಾಫ್ಟ್‌ವೇರ್) ಹಾಕ್ಬೇಕಂತೆ, ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಫೋನನ್ನ ಕೇಬಲ್ಲಲ್ಲಿ ಚುಚ್ಚಿ ಫೋನಿನ ನೆಟ್ಟನ್ನ ಕೇಬಲ್ ಮೂಲಕ ಕೊಡೋ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಏನೂ ಕೇಳದೇ ನೆಟ್ ಬಂದ್ಬಿಡ್ತು. ಇನ್‌ಸ್ಟಾಲ್ ಆದ್ಮೇಲೂ ಹಿಂಗೇ ಮಾಡಿ ಡ್ರೈವರ್ ಮ್ಯಾನೇಜರ್ ತೆಗೆದೆ, ಚಿಪ್ ಹೆಸರಿನ ಕೆಳಗೆ ತೋರಿಸಿದ್ದ ಡ್ರೈವರ್ ಆರಿಸಿ ರೀಸ್ಟಾರ್ಟ್ ಮಾಡಿದೆ, ಅಲ್ಲಿಂದ ಇಲ್ಲೀವರೆಗೂ ತಂಟೆ ಇಲ್ಲ.

ಇನ್‌ಸ್ಟಾಲ್ ಮಾಡೋ ಮುಂಚೆ ಫೋಟೋಗಳನ್ನೆಲ್ಲ ಬೇರೆ ಡಿಸ್ಕ್‌ಗೆ ಕಾಪಿ ಮಾಡ್ದೆ, ವಿಂಡೋಸಲ್ಲೇ ಪಾರ್ಟಿಶನ್ (ಡಿಸ್ಕಿನ ಭಾಗ) ಕಿರಿದು ಮಾಡಿ 60 ಜಿಬಿ ಖಾಲಿ ಬಿಟ್ಟೆ, ವಿಂಡೋಸ್ ಬೇಗ ಶುರು ಆಗ್ಲಿ ಅಂತ ಇರೋ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡ್ದೆ, ಇಲ್ಲಾಂದ್ರೆ ಲಿನಕ್ಸ್ ಕಡೆಯಿಂದ ವಿಂಡೋಸ್ ಪಾರ್ಟಿಶನ್ ತೆಗೆದಾಗ ಓದೋಕೆ ಮಾತ್ರ ಬಿಡುತ್ತೆ, ಬರೆಯೋಕೆ ಬಿಡಲ್ಲ. ಇನ್‌ಸ್ಟಾಲರಲ್ಲಿ ಒಂದು ಪರದೆ ಬರುತ್ತೆ, ವಿಂಡೋಸ್ ಜೊತೆಗೇ ಹಾಕೋದಾ, ಇಡೀ ಡಿಸ್ಕ್ ಅಳಿಸಿ ಹಾಕೋದಾ ಅಂತ. ಎರಡೂ ಒಂದರ ಕೆಳಗೆ ಒಂದು ಇವೆ ಮಾರಾಯ್ರೆ, ನಾನಂತೂ ಮೂರು ಸಲ ಓದಿ ಮೊದಲನೇದು ಒತ್ತಿದೆ. ಉಳಿದದ್ದು ಹೆಸರು, ಪಾಸ್‌ವರ್ಡ್ ಕೇಳಿ ತನ್ನಷ್ಟಕ್ಕೆ ಮುಗೀತು.

ಮಾರನೇ ದಿನ ವಿಂಡೋಸ್ ತೆಗೆದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಬ್ಯಾಟರಿ ಹೋಯ್ತು ಅಂದ್ಕೊಂಡೆ, ಅದಲ್ಲ, ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಸಮಯ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಇಡುತ್ತೆ, ವಿಂಡೋಸ್ ಅದನ್ನೇ ಲೋಕಲ್ ಟೈಮ್ ಅಂತ ಓದುತ್ತೆ. ಲಿನಕ್ಸಲ್ಲಿ ಒಂದು ಸಾಲಿನ ಕಮಾಂಡ್ ಹೊಡೆದು ಲೋಕಲ್ ಟೈಮ್‌ಗೆ ಬದಲಾಯಿಸಿದೆ. ಕಮಾಂಡ್ ಟೈಪ್ ಮಾಡೋ ಟರ್ಮಿನಲ್ ಮುಟ್ಟಿದ್ದು ಅವತ್ತೊಂದೇ ದಿನ.

ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗಲ್ಲೇ ಕಗಪ ಲೇಔಟ್ ಇದೆ, ಸೇರಿಸಿದ್ರೆ ಆಯ್ತು. ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದ ಹಳೇ ಫೈಲ್‌ಗಳು ಮೊದಲು ಚಿತ್ರಲಿಪಿ ಥರ ಕಂಡ್ವು, ಆ ಫಾಂಟ್ ಫೈಲ್‌ಗಳನ್ನ ತಂದು ಹಾಕಿದ್ಮೇಲೆ ಎಂಎಸ್ ಆಫೀಸ್ ಥರದ ಲಿಬ್ರೆ ಆಫೀಸಲ್ಲಿ ಸರಿಯಾಗಿ ತೆರ್ಕೊಂಡ್ವು. ಅಮ್ಮ ಮಾತ್ರ ಮೊದಲ ದಿನ "ಇದೇನೋ ಬೇರೆ ಥರ ಕಾಣ್ತಿದೆ, ನನ್ನ ಫೋಟೋ ಎಲ್ಲಿ ಹೋಯ್ತೋ?" ಅಂದ್ರು, ಫೋಲ್ಡರನ್ನ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಟ್ಟೆ, ಆಮೇಲೆ ಕೇಳಿಲ್ಲ.

ವಿಂಡೋಸ್ ಇನ್ನೂ ಅಳಿಸಿಲ್ಲ. ಸ್ಕ್ಯಾನರ್ ಲಿನಕ್ಸಲ್ಲಿ ಏನು ಮಾಡಿದ್ರೂ ಓಡ್ತಿಲ್ಲ, ಸ್ಕ್ಯಾನ್ ಮಾಡೋ ದಿನ ವಿಂಡೋಸ್‌ಗೇ ಹೋಗ್ತೀನಿ, ಆನ್ ಮಾಡಿ ಮುಖ ತೊಳ್ಕೊಳ್ಳೋಕೆ ಹೋಗ್ತೀನಿ.