ಬೇಟೆ ಲೈಸೆನ್ಸಿನ ಕೊನೆಯ ದಿನಾಂಕ: ಅಮೆರಿಕದಲ್ಲಿ ವೀಸಾದ ಮೇಲಿರುವವರು ಮೊದಲ ರೈಫಲ್ ಕೊಳ್ಳುವ ಮುನ್ನ

ಕಳೆದ ಎರಡು ವರ್ಷಗಳಲ್ಲಿ ಹ್ಯೂಸ್ಟನ್ ಸುತ್ತಮುತ್ತಲಿನ ನಾಲ್ವರು ಕನ್ನಡಿಗ ಗೆಳೆಯರು ತಮ್ಮ ಮೊದಲ ಸೆಮಿ-ಆಟೊಮ್ಯಾಟಿಕ್ (ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್ ಕೊಳ್ಳುವ ವಿಚಾರದಲ್ಲಿ ನನ್ನ ಸಲಹೆ ಕೇಳಿದ್ದಾರೆ. ನಾಲ್ವರೂ ಎಚ್-1ಬಿ ವೀಸಾದಲ್ಲಿರುವವರು. ಎಆರ್-15 ಮಾದರಿಯದನ್ನೇ ಕೊಳ್ಳಬೇಕೇ, ಯಾವ ಕಂಪನಿಯದು ಬಾಳಿಕೆ ಬರುತ್ತದೆ, ಸ್ಕೋಪ್‌ಗೆ ಎಷ್ಟು ದುಡ್ಡು ತೆಗೆದಿಡಬೇಕು ಎಂಬವು ಅವರ ಪ್ರಶ್ನೆಗಳಾಗಿದ್ದವು. ಇವುಗಳಿಗೆ ಉತ್ತರ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಕೊಂಡ ರೈಫಲನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ತಮಗೆ ಯಾವ ದಿನದವರೆಗೆ ಇರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. 2021ರಲ್ಲಿ ವೀಸಾದಲ್ಲಿದ್ದಾಗಲೇ ರೈಫಲ್ ಕೊಂಡ ನಾನೂ ಕೇಳಿಕೊಂಡಿರಲಿಲ್ಲ.

ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ (ತಾತ್ಕಾಲಿಕ ವಾಸದ) ವೀಸಾದ ಮೇಲೆ ಬಂದವರು, ಅಂದರೆ ಎಚ್-1ಬಿ (ನೌಕರರು), ಎಚ್-4 (ಅವರ ಕುಟುಂಬದವರು), ಎಲ್-1 (ಕಂಪನಿಯೊಳಗೆ ವರ್ಗವಾಗಿ ಬಂದವರು), ಎಫ್-1 (ವಿದ್ಯಾರ್ಥಿಗಳು), ಬಿ-2 (ಪ್ರವಾಸಿಗಳು) ಇತ್ಯಾದಿ ವರ್ಗದವರೆಲ್ಲರೂ, ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ವೀಸಾದವರಿಗೆ ಇರುವ ಕೆಲವೇ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಒದಗುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಟೆಕ್ಸಸ್‌ನಲ್ಲಿ ಅದನ್ನು ಪಡೆಯುವುದು ಸುಲಭ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ಸುರಕ್ಷತಾ ತರಬೇತಿಯನ್ನು ಮುಗಿಸಬೇಕು; ಹದಿನೇಳು ದಾಟಿದವರು ಅದನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಮುಗಿಸಬಹುದು. ಆಮೇಲೆ ಅಲ್ಪ ಶುಲ್ಕ ಕಟ್ಟಿದರೆ ಲೈಸೆನ್ಸ್ ಕೈಗೆ ಬರುತ್ತದೆ. ಅಂಗಡಿಯಲ್ಲಿ ಬಂದೂಕು ಖರೀದಿಯ 4473ನೇ ಫೆಡರಲ್ ನಮೂನೆಯನ್ನು ತುಂಬಿ, ಲೈಸೆನ್ಸಿನ ಪ್ರತಿಯನ್ನು ಕೊಟ್ಟು, ಎಫ್‌ಬಿಐನ ಹಿನ್ನೆಲೆ ತಪಾಸಣೆ ಮುಗಿದರೆ ರೈಫಲನ್ನು ಕಾರಿನಲ್ಲಿಟ್ಟುಕೊಂಡು ಹೊರಡಬಹುದು. ಒಂದು ಕಿವಿಮಾತು: ಡ್ರೈವಿಂಗ್ ಲೈಸೆನ್ಸಿನಲ್ಲಿರುವ ವಿಳಾಸ ಈಗಿನ ಮನೆಯದ್ದೇ ಆಗಿರಬೇಕು, ವರ್ಷಕ್ಕೊಮ್ಮೆ ಅಪಾರ್ಟ್‌ಮೆಂಟ್ ಬದಲಿಸುವ ನಮ್ಮವರು ಅಂಗಡಿಯಿಂದ ಬರಿಗೈಯಲ್ಲಿ ಮರಳುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಇಷ್ಟು ಸಲೀಸಾಗಿ ಕೆಲಸ ಮುಗಿಯುವುದರಿಂದ ನಾವೆಲ್ಲ ಆ ಲೈಸೆನ್ಸನ್ನು ಕೊಳ್ಳುವ ದಿನ ತೋರಿಸಬೇಕಾದ ಒಂದು ಚೀಟಿಯೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ರೈಫಲ್ ನಿಮ್ಮ ವಶದಲ್ಲಿರುವ ಪ್ರತಿಯೊಂದು ದಿನವೂ ಆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಟೆಕ್ಸಸ್‌ನ ಬೇಟೆ ಲೈಸೆನ್ಸನ್ನು ವರ್ಷದ ಯಾವ ತಿಂಗಳಲ್ಲಿ ಪಡೆದರೂ ಅದು ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್ 1ರ ಬೆಳಗ್ಗೆ ಹೊಸ ಲೈಸೆನ್ಸ್ ಇಲ್ಲದಿದ್ದರೆ, ನಿನ್ನೆಯವರೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದ ಅದೇ ರೈಫಲ್ ನಿಮ್ಮನ್ನು ಫೆಡರಲ್ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ.

ನಾನು ಲೈಸೆನ್ಸ್ ಮಾಡಿಸಿದ್ದು ಜೂನ್‌ನಲ್ಲಿ. ಅದು ಒಂದು ವರ್ಷ ನಡೆಯುತ್ತದೆ ಎಂದುಕೊಂಡಿದ್ದೆ. ಆ ತಿಂಗಳ ಕೊನೆಗೆ ಸುಮಾರು 1,100 ಡಾಲರ್ ಕೊಟ್ಟು ರೈಫಲ್ ಕೊಂಡೆ. ಆಗಸ್ಟ್ ಕೊನೆಯ ವಾರದಲ್ಲಿ ಟ್ರಿಗರ್ ಬದಲಿಸಿ ಸ್ಕೋಪ್ ಕೂರಿಸಲು ಅದನ್ನು ಒಂದು ಸಣ್ಣ ರಿಪೇರಿ ಅಂಗಡಿಗೆ ಕೊಟ್ಟೆ. ಸೆಪ್ಟೆಂಬರ್ ಆರರ ಸುಮಾರಿಗೆ ತರಲು ಹೋದಾಗ ಅಂಗಡಿಯ ಹಿರಿಯರು ರೈಫಲನ್ನು ಒಳಗಿನಿಂದ ತಂದು ಗಾಜಿನ ಕೌಂಟರಿನ ಮೇಲೆ ಮಲಗಿಸಿದರು. ನಾನು ವೀಸಾದವನೆಂಬುದು ಅವರಿಗೆ ನೆನಪಿದ್ದುದರಿಂದ ಲೈಸೆನ್ಸ್ ಕೇಳಿದರು. ನಾಲ್ಕಾಗಿ ಮಡಚಿದ್ದ ಆ ಉದ್ದನೆಯ ಕಾಗದವನ್ನು ಬಿಡಿಸಿ, ಕನ್ನಡಕವನ್ನು ಹಣೆಗೇರಿಸಿ, ಕೊನೆಯ ದಿನಾಂಕದ ಮೇಲೆ ಹೆಬ್ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಬಳಿಕ ಒಂದು ಮಾತೂ ಆಡದೆ ರೈಫಲನ್ನು ಒಳಕ್ಕೆ ತೆಗೆದುಕೊಂಡು ಹೋದರು. ಅಂದು ಅವರು ಮಾಡಿದ ಉಪಕಾರದ ತೂಕ ನನಗೆ ಗೊತ್ತಾದದ್ದು ಎರಡು ದಿನದ ಮೇಲೆ, ವಲಸೆ ವಕೀಲರ ಮುಂದೆ ಕುಳಿತಾಗ.

ವಕೀಲರು ಎಲ್ಲವನ್ನೂ ಕೇಳಿಸಿಕೊಂಡು, “ರೈಫಲ್ ಅಂಗಡಿಯಲ್ಲಿತ್ತು, ಸರಿ. ಗುಂಡುಗಳು ಎಲ್ಲಿದ್ದವು?” ಎಂದರು. ಮನೆಯ ಬಟ್ಟೆ ಬೀರುವಿನ ಮೇಲಿನ ಖಾನೆಯಲ್ಲಿ ಹತ್ತು ಪೊಟ್ಟಣ, ಇನ್ನೂರು ಗುಂಡುಗಳಿದ್ದವು. ಕಾನೂನಿನಲ್ಲಿ ಬಂದೂಕಿಗೂ ಗುಂಡಿಗೂ ಒಂದೇ ನಿಷೇಧ ಎಂಬುದು ನನಗೆ ಆ ಕ್ಷಣದವರೆಗೆ ತಿಳಿದಿರಲಿಲ್ಲ. ಈ ಅಪರಾಧಕ್ಕೆ 2022ರ ತಿದ್ದುಪಡಿಯ ನಂತರ ಗರಿಷ್ಠ 15 ವರ್ಷಗಳ ಸೆರೆವಾಸವಿದೆ. ಅದಕ್ಕಿಂತ ಮುಖ್ಯವಾಗಿ, ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗಡೀಪಾರಾಗಬಹುದು, ಗ್ರೀನ್ ಕಾರ್ಡ್ ಇದ್ದವರೂ ಇದರಿಂದ ಹೊರತಲ್ಲ. ಫ್ಲಾರಿಡಾದಲ್ಲಿ ವಿದ್ಯಾರ್ಥಿ ವೀಸಾ ಕಳೆದುಕೊಂಡ ಮೇಲೆ ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹಾರಿಸಿದ ರೆಹೈಫ್ ಎಂಬುವನ ಪ್ರಕರಣ 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತನ್ನ ವಲಸೆ ಸ್ಥಿತಿ ಏನೆಂಬುದು ಆರೋಪಿಗೆ ಗೊತ್ತಿತ್ತೆಂದು ಸರ್ಕಾರವೇ ಸಾಬೀತುಪಡಿಸಬೇಕೆಂದು ನ್ಯಾಯಾಲಯ ಹೇಳಿತು. ಆದರೆ ತನ್ನ ವೀಸಾ ಎಚ್-1ಬಿ ಎಂಬುದು ಗೊತ್ತಿಲ್ಲದ ಎಚ್-1ಬಿ ನೌಕರ ಯಾರಿದ್ದಾನೆ? ಆ ತೀರ್ಪನ್ನು ನೆಚ್ಚಿಕೊಂಡು ಯಾರೂ ಧೈರ್ಯ ತಂದುಕೊಳ್ಳಬೇಡಿ. ನಾನು ಲೈಸೆನ್ಸನ್ನು ನವೀಕರಿಸಿದರೂ ರೈಫಲನ್ನು ಮನೆಗೆ ತರಲಿಲ್ಲ. ಅದೇ ಅಂಗಡಿಯ ಮೂಲಕ 700 ಡಾಲರಿಗೆ ಮಾರಿದೆ. ವಕೀಲರ ಶುಲ್ಕವೂ ಸೇರಿದರೆ ನಷ್ಟ ಇನ್ನೂ ದೊಡ್ಡದು.

ಟೆಕ್ಸಸ್‌ನಲ್ಲಿ ಈ ಗೊಂದಲವನ್ನು ಹೆಚ್ಚಿಸುವ ಇನ್ನೊಂದು ಸಂಗತಿಯಿದೆ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಕಾಡುಹಂದಿ ಹೊಡೆಯಲು 2019ರ ಸೆಪ್ಟೆಂಬರ್‌ನಿಂದ ಬೇಟೆ ಲೈಸೆನ್ಸ್ ಬೇಕಿಲ್ಲ. ಸ್ಥಳೀಯ ಸಹೋದ್ಯೋಗಿಗಳು “ಹಂದಿಗೆ ಲೈಸೆನ್ಸ್ ಯಾಕೆ?” ಎನ್ನುವುದು ಅವರ ಮಟ್ಟಿಗೆ ನಿಜ. ನಮಗೆ ಲೈಸೆನ್ಸ್ ಬೇಕಾಗಿರುವುದು ಹಂದಿ ಹೊಡೆಯುವುದಕ್ಕಲ್ಲ, ರೈಫಲನ್ನು ಕೈಯಲ್ಲಿ ಹಿಡಿಯುವುದಕ್ಕೆ.

ಮನೆಯವರ ವಿಷಯವನ್ನೂ ಯೋಚಿಸಬೇಕು. ಹೆಂಡತಿ ಎಚ್-4ರಲ್ಲಿದ್ದು, ಆಕೆಯ ಹೆಸರಿನಲ್ಲಿ ಲೈಸೆನ್ಸ್ ಇಲ್ಲದಿದ್ದರೆ, ರೈಫಲ್ ಇಟ್ಟ ಪೆಟ್ಟಿಗೆಯ ಕೀಲಿ ಆಕೆಯ ಕೈಗೆ ಸಿಗುವಂತಿರಬಾರದು. ಎಚ್-4ರವರಿಗೆ ಕೆಲಸದ ಪರವಾನಗಿ ಇದ್ದರೂ ವೀಸಾದ ಸ್ಥಿತಿ ಬದಲಾಗುವುದಿಲ್ಲ. ಸಿಟಿಜನ್ ಆಗಿರುವ ಸ್ನೇಹಿತನ ಹೆಸರಿನಲ್ಲಿ ಕೊಳ್ಳುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಬೇರೆಯವರ ಪರವಾಗಿ ಕೊಳ್ಳುವುದು ಪ್ರತ್ಯೇಕ ಫೆಡರಲ್ ಅಪರಾಧ, ಸ್ನೇಹಿತನೂ ಸಿಕ್ಕಿಬೀಳುತ್ತಾನೆ. ಕೊಡವರಿಗೂ ಕೊಡಗಿನ ಜಮ್ಮಾ (ಪಾರಂಪರಿಕ ಜಮೀನು) ಹಿಡುವಳಿದಾರರಿಗೂ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಇರುವ ವಿನಾಯಿತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಊರಿನಿಂದ ಬಂದ ಅಪ್ಪ ಅಮ್ಮನನ್ನು ರೇಂಜಿಗೆ ಕರೆದೊಯ್ದು ಒಂದು ಗುಂಡು ಹೊಡೆಸುವ ಆಸೆ ನನಗೂ ಇತ್ತು. ನನ್ನ ತಂದೆ ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದಲ್ಲಿ ಮಂಗ, ಹಂದಿಗಳ ಕಾಟಕ್ಕಾಗಿ ನಲವತ್ತು ವರ್ಷ ಲೈಸೆನ್ಸಿನ ತೋಟಾ ಕೋವಿ ಇಟ್ಟುಕೊಂಡವರು. ಬಿ-2 ವೀಸಾದಲ್ಲಿ ಬಂದ ಅವರು ಇಲ್ಲಿನ ಬೇಟೆ ಲೈಸೆನ್ಸ್ ಇಲ್ಲದೆ ಬಾಡಿಗೆಯ ಬಂದೂಕನ್ನು ಐದು ನಿಮಿಷ ಹಿಡಿದರೂ ಅದು ಕಾನೂನಿನ ಕಣ್ಣಿನಲ್ಲಿ ವಶದಲ್ಲಿಟ್ಟುಕೊಂಡಂತೆಯೇ. ಈ ಮಾತನ್ನು ಅವರಿಗೆ ಹೇಳುವಾಗ ನನಗೆ ಬಹಳ ಸಂಕಟವಾಯಿತು. “ಬಿಡು, ನಾನು ನೋಡ್ತೀನಿ” ಎಂದು ಕಿವಿಗೆ ಮುಚ್ಚಳ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತರು.

ಚುನಾವಣೆ ಬಂದಾಗಲೆಲ್ಲ ಅಪ್ಪ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಶೀದಿ ತರುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಿರುಕುಳವೆಂದೇ ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ನಮ್ಮಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಅಲೆದಾಟ ವಿಪರೀತ, ಸೆಮಿ-ಆಟೊಮ್ಯಾಟಿಕ್ ರೈಫಲ್ ಅಂತೂ ಸಾಮಾನ್ಯರಿಗೆ ಎಟುಕುವುದೇ ಇಲ್ಲ. ಆದರೂ ಯಾರು, ಯಾವ ಆಯುಧ, ಎಂದಿನವರೆಗೆ ಎಂಬ ಮೂರೂ ಒಂದೇ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುತ್ತವೆ. ಟೆಕ್ಸಸ್‌ನಲ್ಲಿ ಅರ್ಧ ಗಂಟೆಯಲ್ಲಿ ರೈಫಲ್ ಕೊಡುತ್ತಾರೆ, ಆದರೆ ಕಾನೂನು ತಿಳಿದಿರಬೇಕಾದ ಹೊಣೆಯನ್ನು ಪೂರ್ತಿಯಾಗಿ ಕೊಳ್ಳುವವನ ಮೇಲೆ ಹೊರಿಸುತ್ತಾರೆ. ಮೊದಲ ಸಲ ಕೊಳ್ಳುವ ಪರದೇಶಿಗೆ ನಮ್ಮ ಪದ್ಧತಿಯೇ ಮೇಲೆಂದು ನಾನು ನಂಬುತ್ತೇನೆ.

ಆದ್ದರಿಂದ ವೀಸಾದಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ಗ್ರೀನ್ ಕಾರ್ಡ್ ಬರುವವರೆಗೆ ಕೊಳ್ಳಬೇಡಿ. ಗುರಿ ಹಿಡಿಯುವುದನ್ನು ಕಲಿಯುವ ಆಸೆಯಿದ್ದರೆ ಚಾಲ್ತಿ ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು ರೇಂಜಿನಲ್ಲಿ ಸಣ್ಣ ಗುಂಡಿನ .22ರ ರೈಫಲನ್ನು ಬಾಡಿಗೆಗೆ ಪಡೆಯಿರಿ, ಗುಂಡುಗಳನ್ನು ಅಲ್ಲೇ ಮುಗಿಸಿ ಬನ್ನಿ. ಗ್ರೀನ್ ಕಾರ್ಡ್ ಬಂದ ಮೇಲೂ ಮುಂದಿನ ಕೆಲಸ ಯಾವ ರಾಜ್ಯದಲ್ಲಿ ಸಿಗಬಹುದೆಂದು ಯೋಚಿಸಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಮೊದಲಿನಿಂದಲೂ, ಇಲಿನಾಯ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 2023ರಿಂದಲೂ ಎಆರ್ ಮಾದರಿಯ ರೈಫಲ್‌ಗಳ ಮೇಲೆ ಕಠಿಣ ನಿರ್ಬಂಧಗಳಿವೆ. ನ್ಯೂಜೆರ್ಸಿಯಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್‌ ಕೂಡ ನಿಷಿದ್ಧ. ನಮ್ಮವರ ಕೆಲಸಗಳು ಹೆಚ್ಚಾಗಿ ಬದಲಾಗುವುದು ಈ ಐದು ರಾಜ್ಯಗಳಿಗೇ. ಕಳೆದ ವರ್ಷ ಗ್ರೀನ್ ಕಾರ್ಡ್ ಬಂದ ಬಳಿಕ ನಾನು ಕೊಂಡದ್ದು, ಪ್ರತಿ ಸಲವೂ ಕೈಯಿಂದಲೇ ಬೋಲ್ಟ್ ಎಳೆಯಬೇಕಾದ ಒಂದು ಸಾದಾ ರೈಫಲ್; ಅದಕ್ಕೂ ಮೊದಲು ಕೊಂಡದ್ದು ಕೀಲಿಯಿರುವ ಉಕ್ಕಿನ ಪೆಟ್ಟಿಗೆ. ಹೆಂಡತಿಯ ಕಾರ್ಡ್ ಇನ್ನೂ ಬಂದಿರದ ಕಾರಣ ಅದರ ಕೀಲಿ ನನ್ನ ಬಳಿಯೇ ಇರುತ್ತದೆ.