ಟ್ಯೂಬು ಬಿಟ್ಟು ಒಣ ಚಿಕನ್‌ಗೆ ಬಂದ ನಮ್ಮ ಕೆಂಚ

ಆಗುವ ಕೆಲಸ ಅಲ್ಲ ಅಂದವರೆಲ್ಲ ಈಗ ನಮ್ಮ ಮನೆಗೆ ಬಂದು ನೋಡಬಹುದು. ಬೆಕ್ಕಿಗೆಂದೇ ಅಂಗಡಿಯಲ್ಲಿ ಸಿಗುವ, ಹಿಂಡಿ ನೆಕ್ಕಿಸುವ ಕ್ರೀಮಿನ ಟ್ಯೂಬು ಬಿಟ್ಟರೆ ಬೇರೆ ಯಾವ ಟ್ರೀಟನ್ನೂ ಮೂಸದ ನಮ್ಮ ಬೆಕ್ಕು ಕೆಂಚ, ನಾನು ಮನೆಯಲ್ಲೇ ಒಣಗಿಸಿದ ಚಿಕನ್ ತಿನ್ನುತ್ತಿದ್ದಾನೆ. ಎರಡು ಎರಡೂವರೆ ತಿಂಗಳು ಹಿಡಿಯಿತು. ಹಟಮಾರಿ ಬೆಕ್ಕು ಸಾಕಿದವರಿಗೆ ಇದು ಎಷ್ಟು ಕಮ್ಮಿ ಸಮಯ ಅಂತ ಗೊತ್ತಿರುತ್ತದೆ.

ಬಿಡಿಸಲು ಹೊರಟದ್ದು ದುಡ್ಡಿಗಾಗಿ. ಒಂದು ಟ್ಯೂಬಿಗೆ 30-35 ರೂಪಾಯಿ. ದಿನಕ್ಕೆ ಮೂರು ಹಿಡಿದರೂ ತಿಂಗಳಿಗೆ 3000 ಹತ್ತಿರ. ಒಳಗಿರುವುದು 15 ಗ್ರಾಂ, ಅದರಲ್ಲೂ ಬಹುಪಾಲು ನೀರು. ಸಾಲದ್ದಕ್ಕೆ ಟ್ಯೂನಾ ಮೀನಿನದ್ದೇ ಆಗಬೇಕು. ಅಂಗಡಿಯಲ್ಲಿ ಅದು ಖಾಲಿಯಾದ ವಾರ ನಮಗ್ಯಾರಿಗೂ ನಿದ್ದೆ ಇಲ್ಲ, ಬೆಳಿಗ್ಗೆ ಐದಕ್ಕೇ ಬಾಗಿಲು ಕೆರೆಯಲು ಶುರು.

"ಸುಮ್ನೆ ಯಾಕೆ ಮಾರಾಯ್ರೆ, ಎರಡು ದಿನ ಉಪವಾಸ ಹಾಕಿ, ತಾನಾಗಿ ತಿಂತದೆ" ಅಂದರು ಪಕ್ಕದ ಮನೆಯ ಅಕ್ಕ. ನಾಯಿಗೆ ಈ ಮಾತು ನಡೆಯಬಹುದು, ಬೆಕ್ಕಿಗೆ ಅಲ್ಲ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಕೆಂಚ ಐದೂವರೆ ಕಿಲೋ. ಹಾಗಾಗಿ ಅವನ ಎರಡು ಹೊತ್ತಿನ ಊಟವನ್ನು ನಾನು ಮುಟ್ಟಲೇ ಇಲ್ಲ. ಬದಲಾಯಿಸಿದ್ದು ಟ್ರೀಟು ಮಾತ್ರ.

ಮೊದಲು ಅಂಗಡಿಯದ್ದೇ ನೋಡಿದೆ. ಬಿಸ್ಕತ್ತಿನಂಥದ್ದು, ಮೀನಿನ ಆಕಾರದ್ದು, 40 ಗ್ರಾಂಗೆ 400 ರೂಪಾಯಿ ಹೇಳುವ, ಹೆಪ್ಪುಗಟ್ಟಿಸಿ ಒಣಗಿಸಿದ ಫ್ರೀಜ್ ಡ್ರೈ ಡಬ್ಬಿ. ಎರಡೂವರೆ ಸಾವಿರ ಹೋಗಿರಬೇಕು. ನಮ್ಮ ಓಣಿಯ ಬೀದಿ ಬೆಕ್ಕುಗಳು ಆ ತಿಂಗಳು ಒಳ್ಳೆ ಮೈ ತುಂಬಿಕೊಂಡವು. ಮಂಗಳೂರಲ್ಲಿದ್ದು ಮೀನು ಬಿಟ್ಟು ಬೇರೆ ಹುಡುಕುತ್ತೀರಾ ಅಂತ ಕೇಳಬಹುದು. ಬೂತಾಯಿ ಮೀನಿನಿಂದಲೇ ಶುರು ಮಾಡುವ ಅಂತ ಇದ್ದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಮೀನು ಇಳಿಸುವ ದಕ್ಕೆ ಖಾಲಿ, ಸಿಕ್ಕ ಸ್ವಲ್ಪ ಮೀನಿಗೂ ಬೆಂಕಿ ರೇಟು. ಮಾರ್ಕೆಟಿನ ಒಣ ಮೀನು ತರೋಣ ಅಂದರೆ ಪೂರ್ತಿ ಉಪ್ಪು. ಹಾಗೆ ಚಿಕನ್‌ಗೆ ಬಂದೆ.

ಮೂಳೆ ಇಲ್ಲದ ಎದೆ ಮಾಂಸ ಒಂದು ಕಿಲೋ, 300 ರೂಪಾಯಿ ಆಚೆ ಈಚೆ. ಹಸಿಯಾಗಿ ಒಣಗಿಸಬೇಡಿ. ಇಡ್ಲಿ ಪಾತ್ರೆಯಲ್ಲಿ ಪೂರ್ತಿ ಬೇಯಿಸಿ, ಆರಿಸಿ, ಎಳೆ ಎಳೆಯಾಗಿ ಬಿಡಿಸಿ, ಏರ್ ಫ್ರೈಯರಿನಲ್ಲಿ 80 ಡಿಗ್ರಿಗೆ ಎರಡು ಗಂಟೆ ಚಿಲ್ಲರೆ. ಮುರಿದರೆ ಟಕ್ ಅನ್ನಬೇಕು, ಬಗ್ಗಿದರೆ ಇನ್ನೂ ಆಗಿಲ್ಲ. ಕಿಲೋಗೆ 250 ಗ್ರಾಂ ಸಿಗುತ್ತದೆ. ಮೊದಲ ಕಂತನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆ ಶೆಲ್ಫಿನಲ್ಲಿಟ್ಟಿದ್ದೆ. ಜುಲೈ ಮಳೆ, ವಾರದೊಳಗೆ ಬಿಳಿ ಬೂಸ್ಟು. ಅಷ್ಟೂ ತಿಪ್ಪೆಗೆ. ಈಗ ಸಣ್ಣ ಸಣ್ಣ ಪ್ಯಾಕೆಟು ಮಾಡಿ ಫ್ರೀಜರಿಗೆ ಹಾಕುತ್ತೇನೆ, ಬೇಕಾದಷ್ಟೇ ಹೊರಗೆ.

ಎಲ್ಲರೂ ಹೇಳುವುದು ಒಂದೇ, ಹಳೆಯದರೊಳಗೆ ಹೊಸದನ್ನು ಬೆರೆಸಿ ಅಂತ. ಬೆರೆಸಿದೆ. ಜೀರಿಗೆ ಕಾಳಿನಷ್ಟು ಚಿಕನ್ ಕ್ರೀಮಿನೊಳಗೆ ಹುದುಗಿಸಿ ಕೊಟ್ಟೆ. ಕ್ರೀಮು ನೆಕ್ಕಿದ, ಕಾಳನ್ನು ನಾಲಿಗೆಯಿಂದಲೇ ಬೇರ್ಪಡಿಸಿ ತಟ್ಟೆಯ ಅಂಚಿಗೆ ಇಟ್ಟ. ಸ್ವಲ್ಪ ದೊಡ್ಡದು ಹಾಕಿದ ದಿನ ಟ್ಯೂಬನ್ನೂ ಬಿಟ್ಟ. ಮೂರ್ನಾಲ್ಕು ದಿನ ಟ್ಯೂಬು ಕತ್ತರಿಸುವ ಸದ್ದಿಗೇ ಎದ್ದು ಹೋಗುತ್ತಿದ್ದ. ಮೋಸ ಆಯಿತು ಅಂತ ಅವನಿಗೆ ಗೊತ್ತಾಯಿತು ನೋಡಿ. ನಾಜೂಕು ಬೆಕ್ಕಿನ ಮಟ್ಟಿಗೆ ಬೆರೆಸುವುದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಯಾರು ಏನೇ ಹೇಳಲಿ.

ಕೆಲಸ ಕೊಟ್ಟದ್ದು ಇದು: ಕೊಡುವುದನ್ನೇ ನಿಲ್ಲಿಸಿದೆ, ಕದಿಯಲು ಬಿಟ್ಟೆ.

ಸಂಜೆ ಅವನ ಊಟಕ್ಕೆ ಅರ್ಧ ಗಂಟೆ ಮೊದಲು, ದಾರ ಎಳೆದು ಒಂದಷ್ಟು ಓಡಾಡಿಸಿ, ಅಡುಗೆ ಕಟ್ಟೆ ಮೇಲೆ ಚಿಕ್ಕ ತಟ್ಟೆಯಲ್ಲಿ ಎರಡು ಎಳೆ ಚಿಕನ್ ಇಟ್ಟು, ಮೇಲೆ ಇನ್ನೊಂದು ತಟ್ಟೆ ಓರೆಯಾಗಿ ಮುಚ್ಚುತ್ತಿದ್ದೆ. ಅವನನ್ನು ಕರೆಯುವುದಿಲ್ಲ, ನೋಡುವುದೂ ಇಲ್ಲ. ನಾನು ಒಂದು ಎಳೆ ಎತ್ತಿ ಬಾಯಿ ಹತ್ತಿರ ತಂದು ತಿಂದ ಹಾಗೆ ಮಾಡಿ ಸೋಫಾಗೆ ಹೋಗಿ ಕೂರುತ್ತಿದ್ದೆ. ಮನೆಯವರು ನಕ್ಕರು, ನಗಲಿ. ಮೊದಲ ವಾರ ತಟ್ಟೆ ಮೂಸಿ ಇಳಿದ. ಆಮೇಲೆ ಒಂದು ಸಂಜೆ ಕಟ್ಟೆಯಿಂದ ಟಣ್ ಅಂತ ಸದ್ದು. ಮುಂಗಾಲನ್ನು ತಟ್ಟೆಯಡಿ ತೂರಿಸಿ, ಒಂದು ಎಳೆಯನ್ನು ಉಗುರಿಗೆ ಸಿಕ್ಕಿಸಿ ನೆಲಕ್ಕೆ ಕೆಡವಿದ. ಹಾರಿ ಬಂದು ಮೂಸಿದ, ಎರಡು ಸಲ ತಳ್ಳಿದ, ಸುತ್ತ ನೋಡಿದ. ಕಚ್ಚಿಕೊಂಡು ಸೀದಾ ಮಂಚದಡಿ. ನಾನು ಮಿಸುಕಲಿಲ್ಲ. ಮರುದಿನ ಎರಡನ್ನೂ ಎತ್ತಿದ. ಇನ್ನೊಂದೆರಡು ವಾರದಲ್ಲಿ ತಟ್ಟೆ ನೆಲಕ್ಕೆ ಬಂತು, ಮುಚ್ಚುವ ತಟ್ಟೆ ಹೋಯಿತು, ಕೊನೆಗೆ ಕೈಯಿಂದಲೇ. ಅಷ್ಟು ದಿನ ಟ್ಯೂಬನ್ನು ದಿಢೀರ್ ನಿಲ್ಲಿಸಿರಲಿಲ್ಲ, ಮೂರರಿಂದ ಎರಡು, ಎರಡರಿಂದ ಒಂದು ಅಂತ ಇಳಿಸಿದೆ. ಅಡುಗೆ ಕಟ್ಟೆ ಹತ್ತುವ ಚಟ ಮಾತ್ರ ಉಳಿದಿದೆ. ಮನೆಯಲ್ಲಿ ಅದಕ್ಕೆ ಬೈಗುಳ ನನಗೇ.

ಚಿಕನ್ ಸ್ವಲ್ಪ ಬಿಸಿ ಮಾಡಿಯೇ ಇಡಬೇಕು. ಫ್ರೀಜರಿನಿಂದ ತೆಗೆದದ್ದನ್ನು ಹಾಗೇ ಇಟ್ಟರೆ ವಾಸನೆ ಬರುವುದಿಲ್ಲ. ಒಂದೆರಡು ಹನಿ ಬಿಸಿ ನೀರು ಚಿಮುಕಿಸಿ ಮೈ ಬಿಸಿಯಷ್ಟು, 38 ಡಿಗ್ರಿಯ ಸುತ್ತ, ಮಾಡಿಡಿ. ಜೊತೆಗೆ ಒಂದು ಪುಡಿ ಉದುರಿಸುತ್ತಿದ್ದೆ. ಅದು ಏನು, ಎಷ್ಟು ಅಂತ ಇಲ್ಲಿ ಬರೆಯಲ್ಲ, ಅಷ್ಟಾದರೂ ನನ್ನಲ್ಲಿರಲಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ ಅನ್ನುವುದನ್ನು ಮತ್ತೆ ಹೇಳಬೇಕಿಲ್ಲ ಅಲ್ವಾ.

ನಡುವೆ ಕುಪ್ಪಿಗಿಡದ ಬೇರನ್ನೂ ನೋಡಿದೆ. ಕಾಂಪೌಂಡ್ ಬದಿಯಲ್ಲಿ ಕಳೆಯಾಗಿ ಬೆಳೆಯುವ ಗಿಡ, ಕಿತ್ತರೆ ಬೆಕ್ಕು ಓಡಿ ಬರುತ್ತದೆ. ಬೇರು ತೊಳೆದು ತಟ್ಟೆ ಪಕ್ಕ ಇಟ್ಟರೆ ಆ ಆಸೆಗೆ ಚಿಕನ್ನೂ ತಿಂದಾನು ಅಂತ ಲೆಕ್ಕ. ಕೆಂಚ ಬೇರಿಗೆ ಕೆನ್ನೆ ಉಜ್ಜಿದ, ಜೊಲ್ಲು ಸುರಿಸಿದ, ನೆಲದಲ್ಲಿ ಹೊರಳಿದ, ಚಿಕನ್ ಮೇಲೇ ಹೊರಳಿದ. ತಿನ್ನಲಿಲ್ಲ. ಆದರೆ ಹೊಸ ಹಾಸಿಗೆಗೆ, ಡಾಕ್ಟರ ಹತ್ತಿರ ಒಯ್ಯುವ ಬುಟ್ಟಿಗೆ ಒಗ್ಗಿಸಲು ಅದೇ ಬೇರು ಒಳ್ಳೆ ಉಪಯೋಗಕ್ಕೆ ಬಂತು. ಅದು ಬೇರೆಯೇ ಕತೆ.

ಈಗ ದಿನಕ್ಕೆ 5 ಗ್ರಾಂ ಮಾತ್ರ. ದಿನದ ಕ್ಯಾಲೊರಿಯಲ್ಲಿ ಟ್ರೀಟು ಹತ್ತನೇ ಒಂದು ಪಾಲು ದಾಟಬಾರದು, ನಮ್ಮವನಿಗೆ ಅದು 20 ಕ್ಯಾಲೊರಿ ಆಸುಪಾಸು, ಅಷ್ಟಕ್ಕೆ 5 ಗ್ರಾಂ ಸಾಕು. ಒಂದು ಕಿಲೋ ಕೋಳಿ ಒಂದೂವರೆ ತಿಂಗಳು ಬರುತ್ತದೆ. ಕರೆಂಟು ಸೇರಿಸಿದರೂ ತಿಂಗಳಿಗೆ 250 ದಾಟಲ್ಲ. ಉಪವಾಸ ಹಾಕಿ ಅಂದಿದ್ದ ಅಕ್ಕನೂ ತಮ್ಮ ಬೆಕ್ಕಿಗೆ ಅಂತ ಎರಡು ಪ್ಯಾಕೆಟು ಒಯ್ದಿದ್ದಾರೆ. ಪುಡಿ ಕೊಟ್ಟಿಲ್ಲ. ಮುಂದಿನದು ಬಂಗುಡೆ. ಎಣ್ಣೆ ಜಾಸ್ತಿ ಇರುವ ಮೀನು ಒಣಗಿಸಿಟ್ಟರೆ ಬೇಗ ಕಮಟು ಹಿಡಿಯುತ್ತದೆ, ಹಾಗಾಗಿ ಸದ್ಯ ಮೂರ್ನಾಲ್ಕು ದಿನಕ್ಕಾಗುವಷ್ಟೇ ಮಾಡುತ್ತಿದ್ದೇನೆ. ಮೊನ್ನೆಯಷ್ಟೇ ಮೊದಲ ತಟ್ಟೆ ಮುಚ್ಚಿಟ್ಟಿದ್ದೇನೆ.