ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಪೈಪೋಟಿಯ ಲೆಕ್ಕ ಹಾಕುವುದು ಹೇಗೆ?

ಗೇಮಿಂಗ್‌ಗೆಂದು ಕಂಪ್ಯೂಟರ್ ಜೋಡಿಸುವವರ ಬಜೆಟ್‌ನಲ್ಲಿ ದೊಡ್ಡ ಪಾಲನ್ನು ನುಂಗುವುದು ಗ್ರಾಫಿಕ್ಸ್ ಕಾರ್ಡ್. ಈ ಮಾರುಕಟ್ಟೆಯಲ್ಲಿ ಚಿಪ್ ರೂಪಿಸುವ ಪ್ರಮುಖ ಕಂಪನಿಗಳು ಮೂರೇ: ಎನ್ವಿಡಿಯಾ, ಎಎಂಡಿ, ಮತ್ತು 2022ರಲ್ಲಿ ಆರ್ಕ್ ಸರಣಿಯೊಂದಿಗೆ ಕಣಕ್ಕಿಳಿದ ಇಂಟೆಲ್. ಮಾರಾಟದ ಬಹುಪಾಲು ಎನ್ವಿಡಿಯಾದ್ದೇ ಆದರೂ ಎಲ್ಲ ಬೆಲೆಗಳಲ್ಲಿ ಪೈಪೋಟಿ ಒಂದೇ ತೆರನಾಗಿಲ್ಲ. ಎದುರಾಳಿ ಇರುವ ಕಡೆ ಬೆಲೆ ತಗ್ಗುತ್ತದೆ, ಇಲ್ಲದ ಕಡೆ ಏರುತ್ತದೆ. 2019ರ ಜುಲೈನಲ್ಲಿ ಎನ್ವಿಡಿಯಾ ತನ್ನ ಸೂಪರ್ ಸರಣಿಯನ್ನು ಪ್ರಕಟಿಸಿದ ಕೆಲವೇ ದಿನಗಳಲ್ಲಿ, ಎಎಂಡಿ ಇನ್ನೂ ಅಂಗಡಿಗೆ ಬಾರದಿದ್ದ ತನ್ನ ಆರ್‌ಎಕ್ಸ್ 5700 ಎಕ್ಸ್‌ಟಿ ಕಾರ್ಡಿನ ಬೆಲೆಯನ್ನು 449 ಡಾಲರ್‌ನಿಂದ 399 ಡಾಲರ್‌ಗೆ ಇಳಿಸಿತು. ಆದರೆ 2025ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5090ಕ್ಕೆ ಸರಿಸಾಟಿಯಾದ ಕಾರ್ಡನ್ನು ಬೇರೆ ಯಾರೂ ತರಲಿಲ್ಲ. ಬಿಡುಗಡೆಯಲ್ಲಿ ಅದರ ಬೆಲೆ 1,999 ಡಾಲರ್ ಇತ್ತು. ಕೊಟ್ಟ ಹಣಕ್ಕೆ ತಕ್ಕ ಮಾಲು ಬೇಕೆನ್ನುವವರು ಮಧ್ಯಮ ಬೆಲೆಯ ಕಾರ್ಡುಗಳಲ್ಲಿ ಹುಡುಕುವುದೇ ಸರಿ.

ಮೊದಲು ನೋಡಬೇಕಾದದ್ದು ಅಂಗಡಿಯನ್ನಲ್ಲ, ನಿಮ್ಮ ಮೇಜಿನ ಮೇಲಿರುವ ಮಾನಿಟರನ್ನು. ಅದು 1080ಪಿ, 60 ಹರ್ಟ್ಸ್‌ನದಾಗಿದ್ದರೆ, ಅಂದರೆ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುವಂಥದ್ದಾದರೆ, ಸೆಕೆಂಡಿಗೆ 140 ಫ್ರೇಮ್ (ಚಿತ್ರ) ಕೊಡುವ ಕಾರ್ಡಿಗೆ ಸುರಿದ ಹೆಚ್ಚಿನ ಹಣ ಪರದೆಯ ಮೇಲೆ ಹೆಚ್ಚೇನೂ ಕಾಣುವುದಿಲ್ಲ.

ಮುಂದಿನದು ಬೆಲೆಯ ಲೆಕ್ಕ. ಒಂದೇ ತರಗತಿಯ ಎರಡು ಕಾರ್ಡುಗಳನ್ನು ಎದುರುಬದುರು ಇಡಿ. 2025ರಲ್ಲಿ ಬಿಡುಗಡೆಯಾದಾಗ 16 ಜಿಬಿ ಮೆಮೊರಿಯ ಎನ್ವಿಡಿಯಾ ಆರ್‌ಟಿಎಕ್ಸ್ 5060 ಟಿಐ ಬೆಲೆ 429 ಡಾಲರ್, 16 ಜಿಬಿಯ ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ ಬೆಲೆ 349 ಡಾಲರ್. ಮೊದಲನೆಯದು ಸುಮಾರು ಶೇ 23ರಷ್ಟು ದುಬಾರಿ. ಹಾಗಿದ್ದರೆ ಅದು ಶೇ 23ರಷ್ಟು ವೇಗವಾಗಿಯೂ ಇರಬೇಕಲ್ಲವೇ? ಸಾಮಾನ್ಯ ರೆಂಡರಿಂಗ್‌ನಲ್ಲಿ (ಚಿತ್ರ ಮೂಡಿಸುವ ಕೆಲಸದಲ್ಲಿ) ಅದರ ಮುನ್ನಡೆ ಇದಕ್ಕಿಂತ ಬಹಳ ಕಡಿಮೆ. ಪಾತ್ ಟ್ರೇಸಿಂಗ್‌ನಂಥ ಭಾರದ ಬೆಳಕಿನ ಲೆಕ್ಕಾಚಾರಗಳಲ್ಲಿ ಮಾತ್ರ ಅಂತರ ಹಿಗ್ಗುತ್ತದೆ. ನೀವು ಆಡುವ ಆಟಗಳಲ್ಲೇ ಪರೀಕ್ಷಿಸಿದ ವಿಮರ್ಶೆಗಳನ್ನು ಹುಡುಕಿ, ಕಾರ್ಡಿನ ಬೆಲೆಯನ್ನು ಸರಾಸರಿ ಫ್ರೇಮ್‌ಗಳಿಂದ ಭಾಗಿಸಿ. ಲೆಕ್ಕದ ರೀತಿ ತಿಳಿಯಲೆಂದು ಊಹೆಯ ಸಂಖ್ಯೆಗಳನ್ನು ಹಿಡಿದರೆ, 35,000 ರೂಪಾಯಿಯ ಕಾರ್ಡು 70 ಫ್ರೇಮ್ ಕೊಟ್ಟಾಗ ಫ್ರೇಮ್ ಒಂದಕ್ಕೆ 500 ರೂಪಾಯಿ ಬೀಳುತ್ತದೆ. 43,000 ರೂಪಾಯಿಯದು 74 ಫ್ರೇಮ್ ಕೊಟ್ಟರೆ 581 ರೂಪಾಯಿ.

ಈ ಲೆಕ್ಕಕ್ಕೆ ಡಾಲರ್ ಬೆಲೆ ಸಾಲದು. ಅಮೆರಿಕದಲ್ಲಿ ಪ್ರಕಟಿಸುವ ಬೆಲೆಗೆ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. ಡಾಲರ್‌ಗೆ 86 ರೂಪಾಯಿ ಎಂದು ಹಿಡಿದರೂ 349 ಡಾಲರ್ ಎಂದರೆ 30,014 ರೂಪಾಯಿ, ತೆರಿಗೆ ಸೇರಿ ಸುಮಾರು 35,400. ಆಮದುದಾರರ, ಅಂಗಡಿಯವರ ಲಾಭ ಇದರ ಮೇಲೆ. ಜೊತೆಗೆ 2025ರ ಕೊನೆಯ ಭಾಗದಿಂದ ಎಐ ಸರ್ವರ್‌ಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳು ತುಟ್ಟಿಯಾಗಿರುವುದರಿಂದ, ಬಿಡುಗಡೆಯ ಬೆಲೆಯನ್ನೇ ನೆಚ್ಚಿಕೊಳ್ಳದೆ ಇಂದು ಎಸ್‌.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕೇಳುತ್ತಿರುವ ಬೆಲೆಯಿಂದಲೇ ಭಾಗಾಕಾರ ಮಾಡಬೇಕು.

ಇಷ್ಟಾದ ಮೇಲೆ ಮೆಮೊರಿ. ಹೆಚ್ಚು ಜನ ಎಡವುವುದು ಇಲ್ಲೇ ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. ಮೇಲೆ ಹೇಳಿದ ಎರಡೂ ಕಾರ್ಡುಗಳು ಅದೇ ಹೆಸರಿನಲ್ಲಿ 8 ಜಿಬಿಯಲ್ಲಿಯೂ ಸಿಗುತ್ತವೆ, ಬಿಡುಗಡೆಯಲ್ಲಿ 50 ಡಾಲರ್ ಕಡಿಮೆಗೆ. ನಮ್ಮ ಲೆಕ್ಕದಲ್ಲಿ ಇದು ಸುಮಾರು 5 ಸಾವಿರ ರೂಪಾಯಿಯ ಉಳಿತಾಯ. ನನ್ನ ಸಂಬಂಧಿಕರ ಹುಡುಗನೊಬ್ಬ ಹೆಸರಷ್ಟನ್ನೇ ನೋಡಿ 8 ಜಿಬಿಯದನ್ನು ತಂದಿದ್ದ. ಅವನ ಪಕ್ಕದಲ್ಲಿ ಕುಳಿತು ನೋಡಿದೆ: ಪರದೆಯ ಮೂಲೆಯಲ್ಲಿ ಕಾಣುವ ಫ್ರೇಮ್ ಸಂಖ್ಯೆ 60ರ ಮೇಲೆಯೇ ಇತ್ತು, ಆದರೆ ಆಟದ ಪಾತ್ರ ಬೀದಿಯ ತಿರುವು ದಾಟಿದ ಕೂಡಲೇ ಚಿತ್ರ ಗಕ್ಕನೆ ನಿಂತು ಮತ್ತೆ ಚಲಿಸುತ್ತಿತ್ತು, ಎದುರಿನ ಇಟ್ಟಿಗೆ ಗೋಡೆ ಕೆಲವು ಕ್ಷಣ ಬರಿಯ ಕೆಸರಿನ ಬಣ್ಣದ ಹಲಗೆಯಂತಿದ್ದು, ಆಮೇಲೆ ಇಟ್ಟಿಗೆಯ ಗೆರೆಗಳು ಮೂಡುತ್ತಿದ್ದವು. ಕಾರ್ಡಿನ ಮೆಮೊರಿ ತುಂಬಿದಾಗ ದತ್ತಾಂಶವನ್ನು ಮದರ್‌ಬೋರ್ಡಿನ ಪಿಸಿಐಇ ದಾರಿಯ ಮೂಲಕ ಕಂಪ್ಯೂಟರಿನ ರ‍್ಯಾಮ್‌ನಿಂದ ಎಳೆದು ತರಬೇಕಾಗುತ್ತದೆ. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗಿಂತ ಎಷ್ಟೋ ಪಾಲು ನಿಧಾನ. ಸರಾಸರಿ ಫ್ರೇಮ್‌ಗಳಲ್ಲಿ ಈ ತೊಡಕು ಕಾಣದು. ವಿಮರ್ಶೆಗಳಲ್ಲಿ ‘1 ಪರ್ಸೆಂಟ್ ಲೋ’ (ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳ ವೇಗ) ಎಂದು ಕೊಡುವ ಸಂಖ್ಯೆಯನ್ನು ಓದಿದರೆ ಕಾಣುತ್ತದೆ. ನಾಲ್ಕೈದು ವರ್ಷ ಬಳಸುವ ಉದ್ದೇಶವಿದ್ದರೆ ಆ 5 ಸಾವಿರವನ್ನು ಉಳಿಸಬೇಡಿ ಎಂದೇ ನನ್ನ ಸಲಹೆ.

ಒಂದೇ ಹೆಸರಿನಲ್ಲಿ ಬೇರೆ ಬೇರೆ ಮಾಲು ಮಾರುವ ಪದ್ಧತಿ ಕೊಳ್ಳುವವರಿಗೆ ಮಾಡುವ ಅನ್ಯಾಯ. ಅದನ್ನು ಪ್ರಶ್ನಿಸಿದರೆ ಫಲವಿದೆ: 2022ರಲ್ಲಿ ಆರ್‌ಟಿಎಕ್ಸ್ 4080 ಎಂಬ ಹೆಸರಿನಲ್ಲೇ, ದುರ್ಬಲ ಚಿಪ್‌ನ 12 ಜಿಬಿ ಕಾರ್ಡನ್ನು 899 ಡಾಲರ್‌ಗೆ ಪ್ರಕಟಿಸಿದ್ದ ಎನ್ವಿಡಿಯಾ, ಟೀಕೆಗಳ ನಂತರ ಅದನ್ನು ಹಿಂತೆಗೆದುಕೊಂಡು, 2023ರ ಜನವರಿಯಲ್ಲಿ 4070 ಟಿಐ ಎಂಬ ಹೆಸರಿನಲ್ಲಿ 799 ಡಾಲರ್‌ಗೆ ತಂದಿತು.

ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡು ಹಾಕುವವರು ಇನ್ನೊಂದು ಹೊಂದಾಣಿಕೆಯನ್ನು ನೋಡಬೇಕು. 2024ರ ಡಿಸೆಂಬರ್‌ನಲ್ಲಿ 249 ಡಾಲರ್‌ಗೆ 12 ಜಿಬಿ ಮೆಮೊರಿ ಕೊಟ್ಟು ಇಂಟೆಲ್ ತಂದ ಆರ್ಕ್ ಬಿ580 ಕಡಿಮೆ ಬಜೆಟ್‌ನವರಿಗೆ ನಿಜವಾದ ಪೈಪೋಟಿ ಒದಗಿಸಿತು. ಆದರೆ ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಬಳಸಲು ಬಿಡುವ ರಿಸೈಜಬಲ್ ಬಾರ್ ಸೌಲಭ್ಯವಿಲ್ಲದ ಮದರ್‌ಬೋರ್ಡಿನಲ್ಲಿ ಅದು ಸೊರಗುತ್ತದೆ, ಹಳೆಯ ಪ್ರೊಸೆಸರ್‌ಗಳ ಜೊತೆಗೂ ಅದರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊರೆ ಹೆಚ್ಚು. 5060 ಟಿಐ ಬಳಸುವುದು ಎಂಟೇ ಪಿಸಿಐಇ ಲೇನ್‌ಗಳನ್ನು (ದತ್ತಾಂಶದ ಹಾದಿಗಳನ್ನು), 9060 ಎಕ್ಸ್‌ಟಿ ಹದಿನಾರನ್ನು. ಹಳೆಯ ತಲೆಮಾರಿನ ಪಿಸಿಐಇ 3.0 ಬೋರ್ಡಿನಲ್ಲಿ, ಅದರಲ್ಲೂ 8 ಜಿಬಿ ಕಾರ್ಡುಗಳಲ್ಲಿ, ಈ ವ್ಯತ್ಯಾಸ ಅನುಭವಕ್ಕೆ ಬರುತ್ತದೆ. ಪವರ್ ಸಪ್ಲೈ ಬದಲಿಸಬೇಕಾದರೆ ಅದರ ಬೆಲೆಯನ್ನೂ ಕಾರ್ಡಿನ ಲೆಕ್ಕಕ್ಕೇ ಸೇರಿಸಿ.

ಸೆಕೆಂಡ್‌ಹ್ಯಾಂಡ್ ಕಾರ್ಡುಗಳೂ ಈ ಪೈಪೋಟಿಯ ಭಾಗವೇ. ಅಂಥದ್ದನ್ನು ಕೊಳ್ಳುವಾಗ ಅರ್ಧ ಗಂಟೆ ಭಾರದ ಪರೀಕ್ಷೆ ಓಡಿಸಿ ಬಿಸಿಯನ್ನೂ ಫ್ಯಾನಿನ ಸದ್ದನ್ನೂ ಗಮನಿಸಿ. ಹೊಸದಾಗಲಿ ಹಳೆಯದಾಗಲಿ, ಹಣ ಕೊಡುವ ಮುಂಚೆ ಪೆಟ್ಟಿಗೆಯ ಮೇಲಿನ ಜಿಬಿ ಸಂಖ್ಯೆಯನ್ನು ಓದಿ, ಪೆಟ್ಟಿಗೆ, ಕಾರ್ಡು, ಬಿಲ್ಲು ಮೂರರಲ್ಲೂ ಸೀರಿಯಲ್ ಸಂಖ್ಯೆ ಒಂದೇ ಇದೆಯೇ ಎಂದು ತಾಳೆ ನೋಡಿ, ವಾರಂಟಿ ಎಷ್ಟು ವರ್ಷ, ಅದನ್ನು ಕೊಡುವ ಆಮದುದಾರರು ಯಾರು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.